ಜಾನರ್ ಹೆಸರು ಆಮೇಲೆ, ಮೊದಲು ಕಿವಿಗೆ ಹೇಗೆ ಬಿತ್ತು ಹೇಳಿ: ಈ ಮಳೆಗಾಲದಲ್ಲಿ ಕೇಳಿದ ಅಂಡರ್‌ಗ್ರೌಂಡ್ ಆಲ್ಬಂಗಳು

ಮಳೆ_ಮಲ್ಲೇಶ್ವರ

ಮೊನ್ನೆ ಭಾನುವಾರ ಮಧ್ಯಾಹ್ನ ರೂಮಿನಲ್ಲಿ ಪೇಸಾಜ್ ದಿವೇರ್ ಹಾಕಿಕೊಂಡು ಕೂತಿದ್ದೆ. ಸ್ವಿಟ್ಜರ್ಲೆಂಡಿನ ಒಬ್ಬನೇ ಮನುಷ್ಯ ಮಾಡುವ ಬ್ಲ್ಯಾಕ್ ಮೆಟಲ್, ಅಂದರೆ ಕಿರುಚು ದನಿಯ, ಒರಟು ಗಿಟಾರಿನ ಸಂಗೀತ. 2020ರಲ್ಲಿ ಬಂದ 'ಇಮ್ ವಾಲ್ಡ್', ಹೆಚ್ಚುಕಮ್ಮಿ ಎರಡು ಗಂಟೆಯ ಆಲ್ಬಂ. ಅಮ್ಮ ಏದುಸಿರು ಬಿಡುತ್ತಾ ಬಂದು ಬಾಗಿಲಲ್ಲಿ ನಿಂತಳು. 'ಇದಾ ಸದ್ದು? ಮಳೆ ಬಂತು ಅಂತ ಬಟ್ಟೆ ತೆಗೆಯೋಕೆ ಮಹಡಿಗೆ ಓಡಿದ್ನಲ್ಲೋ' ಅಂದಳು.

ಇದು ಆಂಬಿಯೆಂಟ್ ಬ್ಲ್ಯಾಕ್ ಮೆಟಲ್, ಬೇಕಂತಲೇ ಹೀಗೆ ಲೋ-ಫೈ ಆಗಿ ರೆಕಾರ್ಡ್ ಮಾಡಿದ್ದಾರೆ ಅಂತೆಲ್ಲ ಹೇಳಲು ಹೋದೆ. ಒಂದೂ ಅವಳಿಗೆ ತಲುಪಲಿಲ್ಲ. ರಾತ್ರಿ ಮಲಗಿದಾಗ ಅನಿಸಿತು, ನನಗಿಂತ ಸರಿಯಾಗಿ ಆ ಆಲ್ಬಂ ಬಗ್ಗೆ ಹೇಳಿದ್ದು ಅಮ್ಮನೇ. ಬ್ಯಾಂಡ್ ಹೆಸರಿನ ಅರ್ಥವೇ ಚಳಿಗಾಲದ ನೋಟ. ಆಲ್ಬಂ ಹೆಸರಿನ ಅರ್ಥ 'ಕಾಡಿನಲ್ಲಿ'. ಮಲ್ಲೇಶ್ವರದಲ್ಲಿ ಹಿಮ ಎಲ್ಲಿಂದ ಬರಬೇಕು? ನಮ್ಮ ಕಿವಿಗೆ ಅದು ಮಳೆ.

ನಾನು ಕೇಳಿದ್ದು ಹೀಗೆ. ಗಿಟಾರ್ ಯಾವುದು, ಗಾಳಿ ಯಾವುದು ಗೊತ್ತಾಗುವುದಿಲ್ಲ. ರೊಯ್ಯನೆ ಬೀಸುತ್ತಲೇ ಇರುತ್ತದೆ. ಡ್ರಮ್ ಎಲ್ಲೋ ದೂರದ ಮನೆಯ ಶೀಟಿನ ಮೇಲೆ ಪಟಪಟ ಅನ್ನುತ್ತದೆ. ದನಿ ಬಿರುಗಾಳಿಗೆ ಸಿಕ್ಕವನದು: ಮಾತು ತಲುಪುವುದಿಲ್ಲ, ಕೂಗಿದ್ದು ಮಾತ್ರ ಗೊತ್ತಾಗುತ್ತದೆ. ಸುಮಾರು ಹೊತ್ತು ಕಳೆದ ಮೇಲೆ ಆ ಮೊರೆತದ ಒಳಗಿಂದ ಸಿಂಥ್ (ಸಿಂಥಸೈಜರ್) ಅನ್ನುವ ಎಲೆಕ್ಟ್ರಾನಿಕ್ ವಾದ್ಯದ ಒಂದು ಧಾಟಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಅದು ಮೊದಲಿಂದಲೂ ಅಲ್ಲೇ ಇತ್ತು. ಕತ್ತಲೆಗೆ ಕಣ್ಣು ಹೊಂದುವ ಹಾಗೆ ಕಿವಿ ಹೊಂದಬೇಕಿತ್ತು.

ಅದಕ್ಕೇ ಈ ಥ್ರೆಡ್. ಯಾರೂ ಕೇಳದ ಎಲೆಕ್ಟ್ರಾನಿಕ್, ಆಂಬಿಯೆಂಟ್, ಮೆಟಲ್, ಏನೇ ಇರಲಿ. ಜಾನರ್ ಹೆಸರು ಬರೆದು ಕೈತೊಳೆದುಕೊಳ್ಳಬೇಡಿ. ಕನ್ನಡದಲ್ಲಿ ಸದ್ದಿಗೆ ಇರುವಷ್ಟು ಪದ ಬೇರೆ ಯಾವುದಕ್ಕೂ ಇಲ್ಲವೇನೋ ಅನಿಸುತ್ತದೆ. ರೊಯ್ಯನೆ, ಧೋ ಎಂದು, ಜಿಟಿಜಿಟಿ, ಗೊರಗೊರ, ಕಿರ್ರನೆ. ಶಾಲೆಯಲ್ಲಿ ಅನುಕರಣಾವ್ಯಯ ಅಂತ ಬಾಯಿಪಾಠ ಮಾಡಿದ್ದೆವಲ್ಲ, ಅದನ್ನು ಇಲ್ಲಿ ಬಳಸೋಣ.

ಪಟ್ಟಿಗಾರ

ನನ್ನದು ತಕರಾರು ಇದೆ. ಜಾನರ್ ಹೆಸರು ಅಂದರೆ ಮನೆ ಅಡ್ರೆಸ್ ಇದ್ದ ಹಾಗೆ. ಎರಡನೇ ಕ್ರಾಸ್, ಮೂರನೇ ಮೇನ್ ಅಂತ ಹೇಳದೆ 'ಬೇವಿನ ಮರ ಇದೆ, ತಂಪಾಗಿದೆ' ಅಂದರೆ ಮನೆ ಸಿಗುತ್ತದಾ? ಆಲ್ಬಂಗಳ ಪಟ್ಟಿ ಇಡುವ ವೆಬ್‌ಸೈಟ್‌ಗಳಿವೆ: ಡಿಸ್ಕಾಗ್ಸ್ 2000ದಿಂದ ಇದೆ, ಮೆಟಲ್ ಆರ್ಕೈವ್ಸ್ 2002ರಿಂದ ಇದೆ. ನಾನು ಕೇಳಿರುವುದರಲ್ಲಿ ಮುಕ್ಕಾಲು ಪಾಲು ಆ ಪಟ್ಟಿಗಳಿಂದಲೇ ಸಿಕ್ಕಿದ್ದು. ಡಂಜನ್ ಸಿಂಥ್ ಅನ್ನುವ ಹೆಸರು ಹುಟ್ಟದಿದ್ದರೆ ನಾರ್ವೆಯ ಸಂಗೀತಗಾರ ಮಾರ್ಟೀಸ್ 90ರ ದಶಕದ ಶುರುವಲ್ಲಿ ಕೀಬೋರ್ಡ್ ಇಟ್ಟುಕೊಂಡು ಮಾಡಿದ ಆ ಕೆಲಸವನ್ನು ಇವತ್ತಿನ ಹುಡುಗರು ಹುಡುಕಿಕೊಂಡು ಹೋಗುತ್ತಿದ್ದರಾ? ಹೆಸರು ಬೇಕು ಸಾರ್.

ಮಳೆ_ಮಲ್ಲೇಶ್ವರ

ಅಡ್ರೆಸ್ ಬೇಕು, ಒಪ್ಪಿದೆ. ಆದರೆ ಅಡ್ರೆಸ್ ಬರೆದುಕೊಟ್ಟು 'ಮನೆ ಹೇಗಿದೆ ಹೇಳಿದ್ದೇನೆ' ಅನ್ನುತ್ತೀವಲ್ಲ, ಅದು ಬೇಡ ಅಂದೆ. ಎರಡೂ ಕೊಡಿ. ನಿಮ್ಮ ಹತ್ತಿರ ಇರುವ ಸಂಗ್ರಹಕ್ಕೆ ನೀವು ಬರೆದರೆ ಎಲ್ಲರಿಗಿಂತ ಜಾಸ್ತಿ ಉಪಯೋಗ.

ತಂಬೂರಿ

ನಾನು ಮೆಟಲ್ ಕಡೆಯವಳಲ್ಲ. ಬಸವನಗುಡಿಯಲ್ಲಿ ಎಂಟು ವರ್ಷ ಹಾಡು ಕಲಿತೆ, ಆಮೇಲೆ ಬಿಟ್ಟೆ. ಬಿಟ್ಟಮೇಲೆ ಹಾಡಿಗಿಂತ ಜಾಸ್ತಿ ನೆನಪಾಗುತ್ತಿದ್ದದ್ದು ಶ್ರುತಿ. ಪಾಠ ಶುರುವಾಗುವ ಮುಂಚೆ ನಮ್ಮ ಟೀಚರ್ ಸುಮ್ನೆ ಕೂರಿಸಿ ಶ್ರುತಿ ಕೇಳಿಸುತ್ತಿದ್ದರು. ಯಾರೂ ಬಾಯಿ ತೆಗೆಯುವ ಹಾಗಿಲ್ಲ.

ಅವರ ಮನೆಯಲ್ಲಿ ಮರದ ತಂಬೂರಿಯೂ ಇತ್ತು. ತಂತಿಗಳನ್ನು ಎತ್ತಿ ಹಿಡಿಯುವ ತುಂಡಿಗೆ ಕುದುರೆ ಅನ್ನುತ್ತಾರೆ; ಅದರ ಮೇಲೆ, ತಂತಿಯ ಅಡಿಯಲ್ಲಿ, ಒಂದು ಹತ್ತಿ ದಾರ ಇಡುತ್ತಾರೆ. ಜೀವಾಳಿ. ಆ ದಾರವನ್ನು ಉಗುರಿನಿಂದ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ತಂತಿ ಮೀಟುತ್ತಿದ್ದರು. ಟಿಂ, ಟಿಂ, ಟಿಂ. ಒಂದು ಕಡೆ ಬಂದಾಗ ಟಿಂ ಅನ್ನುವುದು ನಿಂತು ಜುಂಯ್ ಅನ್ನುತ್ತದೆ. ಆಗ ಷಡ್ಜದ ತಂತಿಯ ಒಳಗಿಂದ ಗಾಂಧಾರ ಕೇಳಿಸುತ್ತದೆ. ಅದಕ್ಕೆ ತಂತಿಯೇ ಇಲ್ಲ, ಯಾರೂ ಮೀಟಿಲ್ಲ. ಮೊದಲ ಸಲ ಕೇಳಿಸಿದಾಗ ನನಗೆ ಹನ್ನೊಂದು ವರ್ಷ. ಮೈ ಜುಮ್ಮೆಂದಿದ್ದು ಇನ್ನೂ ನೆನಪಿದೆ.

ಈಗ ಆಲ್ಬಂಗೆ ಬರುತ್ತೇನೆ. ಏಲಿಯಾನ್ ರಾದೀಗ್, ಫ್ರಾನ್ಸಿನವರು, 1932ರಲ್ಲಿ ಹುಟ್ಟಿದವರು. ಎಆರ್‌ಪಿ 2500 ಅನ್ನುವ ಬೀರುವಿನಂಥ ಸಿಂಥಸೈಜರ್, ಜೊತೆಗೆ ಟೇಪ್. ಕೀಬೋರ್ಡ್ ಮುಟ್ಟುತ್ತಿರಲಿಲ್ಲ, ಗುಂಡಿಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುವುದಷ್ಟೇ. 1988ರಿಂದ 1993ರ ನಡುವೆ ಮುಗಿಸಿದ 'ಟ್ರಿಲೊಜಿ ದ ಲಾ ಮೋರ್' ಮೂರು ಭಾಗದ ಕೆಲಸ. ಒಂದೊಂದು ಭಾಗವೂ ಸುಮಾರು ಒಂದು ಗಂಟೆ. ನಡುವಿನ ಭಾಗದ ಹೆಸರು 'ಕೈಲಾಶ'. ಟಿಬೆಟಿನ ಬೌದ್ಧ ಗುರುಗಳ ಹತ್ತಿರ ಹೋಗಿ ಕಲಿತ ಮೇಲೆ ಮಾಡಿದ್ದು.

ಕೇಳಲು ಕೂತರೆ ಮೊದಲು ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಒಂದು ಗುಂ ಇದೆ, ಅಷ್ಟೇ. ಹಾಲು ಕಾಯಲು ಇಟ್ಟಾಗ ಉಕ್ಕುವುದಕ್ಕೆ ತುಂಬಾ ಮುಂಚೆ ಪಾತ್ರೆಯ ಅಂಚಿನಲ್ಲಿ ಸಣ್ಣಗೆ ಸುಯ್ ಅಂತ ಶುರುವಾಗುತ್ತದಲ್ಲ? ಅಡುಗೆಮನೆಯಲ್ಲಿ ಬೇರೆ ಕೆಲಸ ಮಾಡುತ್ತಿದ್ದರೂ ಆ ಸದ್ದು ಬದಲಾದದ್ದು ಕಿವಿಗೆ ಗೊತ್ತಾಗುತ್ತದೆ. ರಾದೀಗ್ ಅವರ ಸಂಗೀತದಲ್ಲಿ ಬದಲಾವಣೆ ಆಗುವುದು ಹಾಗೆ. ಆದದ್ದು ಗೊತ್ತಾಗುತ್ತದೆ, ಆಗುವಾಗ ಹಿಡಿಯಲು ಸಿಗುವುದಿಲ್ಲ. ಇಪ್ಪತ್ತನೇ ನಿಮಿಷದ ಹೊತ್ತಿಗೆ ಗುಂ ಒಳಗೆ ಇನ್ನೊಂದು, ಅದರ ಮೇಲೆ ಇನ್ನೊಂದು. ನನಗೆ ಜೀವಾಳಿ ಸರಿಹೋದ ಆ ಕ್ಷಣವನ್ನೇ ಒಂದು ಗಂಟೆ ಎಳೆದು ಹಿಡಿದ ಹಾಗೆ ಕೇಳಿಸಿತು.

ಇನ್ನೊಂದು ಮಾತು. ಹೀಗೆ ಒಂದೇ ಸ್ವರವನ್ನು ಎಳೆದು ಹಿಡಿಯುವ ಸಂಗೀತಕ್ಕೆ ಡ್ರೋನ್ ಅನ್ನುತ್ತಾರೆ. ಡ್ರೋನ್ ಅಂದ ತಕ್ಷಣ ಹೊರದೇಶದ್ದು ಅನ್ನುತ್ತಾರೆ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದು ಕೊಳಲನ್ನೂ ನುಡಿಸುತ್ತಿದ್ದ ಜಿ. ರಾಜ್ ನಾರಾಯಣ್ 1979ರಲ್ಲಿ ಇದೇ ಬೆಂಗಳೂರಿನಲ್ಲಿ ರೇಡೆಲ್ ಶುರು ಮಾಡಿದರು. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ತಂಬೂರಿ, ತಾಳಮಾಲಾ. ಸಿಂಥಸೈಜರ್ ಅನ್ನುವ ಪದವನ್ನೇ ಕೇಳದ ಮನೆಗಳಲ್ಲಿ ದಿನಾ ಬೆಳಗ್ಗೆ ಒಂದು ಪುಟ್ಟ ಸಿಂಥಸೈಜರ್ ಗುಂಯ್‌ಗುಡುತ್ತಿತ್ತು.

ರಾತ್ರಿಪಾಳಿ

ಹೊಸಬ. ನಮಸ್ಕಾರ ಎಲ್ಲರಿಗೂ. ನನ್ನದು ಕಾಲ್ ಸೆಂಟರ್‌ನಲ್ಲಿ ರಾತ್ರಿ ಪಾಳಿ. ಜೊತೆಯವನೊಬ್ಬ ಅರ್ಥ್ ಅನ್ನುವ ಅಮೆರಿಕದ ಡ್ರೋನ್ ಬ್ಯಾಂಡಿನ 'ಅರ್ಥ್ 2' ಕೇಳು ಅಂದ. 1993ರದ್ದು, ಮೂರೇ ಹಾಡು, 73 ನಿಮಿಷ. ಬೆಳಗ್ಗೆ ಮನೆಗೆ ಬಂದು ಫೋನ್ ಪಕ್ಕದಲ್ಲಿಟ್ಟುಕೊಂಡು ಕೇಳಿದೆ. ಫ್ರಿಜ್ ಸದ್ದಿನ ಹಾಗೆ ಇತ್ತು. ನಿಜ ಹೇಳಬೇಕೆಂದರೆ ಏನೂ ಅನಿಸಲಿಲ್ಲ. ನನ್ನ ಕಿವಿಯಲ್ಲಿ ಏನಾದರೂ ಕಡಿಮೆ ಇದೆಯಾ ಅಂತ ಕೇಳಲು ಬರೆದೆ.

ಎಸ್‌ಪಿರೋಡ್

ಕಿವಿ ಸರಿ ಇದೆ ಗುರು, ಫೋನಿನ ಸ್ಪೀಕರ್ ಸಾಲದು. ನಾನು ಆಂಪ್, ಡೆಕ್ ರಿಪೇರಿ ಮಾಡುವವನು, ಅದಕ್ಕೆ ಲೆಕ್ಕದಲ್ಲೇ ಹೇಳುತ್ತೇನೆ. ಗಿಟಾರಿನ ತೀರಾ ದಪ್ಪ ತಂತಿ ಸಾಮಾನ್ಯವಾಗಿ 82 ಹರ್ಟ್ಸ್. ಸನ್ ಥರದ ಡ್ರೋನ್ ಬ್ಯಾಂಡುಗಳು ಅದನ್ನು ಸಡಿಲ ಮಾಡಿ 55ಕ್ಕೆ ಇಳಿಸುತ್ತಾರೆ. ಅಂದಹಾಗೆ ಸನ್ ಅನ್ನುವುದು ಹಳೇ ಆಂಪ್ಲಿಫೈಯರ್ ಕಂಪನಿಯ ಹೆಸರು. ಆಂಪ್ ಹೆಸರನ್ನೇ ಬ್ಯಾಂಡಿಗೆ ಇಟ್ಟುಕೊಂಡರು, ಅಷ್ಟು ಪ್ರೀತಿ. ನಿಮ್ಮ ಫೋನಿನ ಸ್ಪೀಕರ್ ಒಂದು ರೂಪಾಯಿ ಬಿಲ್ಲೆಗಿಂತ ಚಿಕ್ಕದು. 200 ಹರ್ಟ್ಸ್‌ಗಿಂತ ಕೆಳಗೆ ಅದರಿಂದ ಗಾಳಿ ಅಲುಗುವುದೇ ಇಲ್ಲ. 55 ಬರುವುದಿಲ್ಲ, ಅದರ ಮೇಲಿನ ಒಡಕು ಮಾತ್ರ ಬರುತ್ತದೆ. ಸಾರು ಬಗ್ಗಿಸಿ ಬರೀ ಒಗ್ಗರಣೆ ಬಡಿಸಿದ ಹಾಗೆ.

ಡಿಸ್ಟಾರ್ಶನ್‌ಗೆ ನಮ್ಮಲ್ಲಿ ಒಡಕು ಅನ್ನುವ ಪದ ಚೆನ್ನಾಗಿ ಒಪ್ಪುತ್ತದೆ. ಒಡಕು ದನಿ, ಒಡಕು ಗಂಟೆ. ಆಂಪ್‌ಗೆ ತಾಳಲಾರದಷ್ಟು ಸಿಗ್ನಲ್ ಕೊಟ್ಟರೆ ಅಲೆಯ ತಲೆ ಕತ್ತರಿಸಿ ಹೋಗುತ್ತದೆ. ಕತ್ತರಿಸಿದ ಕಡೆ ಹೊಸ ಸ್ವರಗಳು ಹುಟ್ಟುತ್ತವೆ. 55ರ ಮೇಲೆ 110, 165, 220, 275. ತಂಬೂರಿ ಅಕ್ಕ ಹೇಳಿದ ಗಾಂಧಾರ ಇದೆಯಲ್ಲ, ಅದೂ ಹೀಗೆ ಐದರ ಪಟ್ಟು ಲೆಕ್ಕದಲ್ಲಿ ಬರುವುದೇ. ದಾರ ಮಾಡುವ ಕೆಲಸವನ್ನು ಇಲ್ಲಿ ಆಂಪ್ ಒಳಗಿನ ವಾಲ್ವ್ ಮಾಡುತ್ತದೆ.

ಅಭ್ಯಾಸಕ್ಕೆ ಒಂದು ಸುಲಭದ ದಾರಿ ಹೇಳುತ್ತೇನೆ. ರಾತ್ರಿ ಬೀದಿ ಖಾಲಿಯಾದ ಮೇಲೆ ಟ್ರಾನ್ಸ್‌ಫಾರ್ಮರ್‌ನಿಂದ ಸ್ವಲ್ಪ ದೂರದಲ್ಲಿ ನಿಂತುಕೊಳ್ಳಿ. ನಮ್ಮ ಕರೆಂಟ್ 50 ಹರ್ಟ್ಸ್. ಒಳಗಿನ ಕಬ್ಬಿಣ ಒಂದು ಸುತ್ತಿಗೆ ಎರಡು ಸಲ ಹಿಗ್ಗಿ ಕುಗ್ಗುತ್ತದೆ, ಆದ್ದರಿಂದ ಕೇಳಿಸುವ ಗುಂ 100 ಹರ್ಟ್ಸ್. ಐದು ನಿಮಿಷ ನಿಂತರೆ ಒಂದೇ ಸದ್ದು ಅಂದುಕೊಂಡಿದ್ದು ಮೂರು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ. ಅದು ಕೇಳಿಸಿದವರಿಗೆ 'ಅರ್ಥ್ 2' ಕೇಳಿಸುತ್ತದೆ.

ಹುಬ್ಬಳ್ಳಿಯಿಂದ

ಎಸ್‌ಪಿರೋಡ್ ಅವರೇ, ಸರಿಯಾದ ಕಡೆ ತಂದು ನಿಲ್ಲಿಸಿದಿರಿ. ಅಮೆರಿಕದಲ್ಲಿ ಡ್ರೋನ್ ಸಂಗೀತಕ್ಕೆ ಬುನಾದಿ ಹಾಕಿದ ಲಾ ಮಾಂಟೆ ಯಂಗ್ ಚಿಕ್ಕಂದಿನಲ್ಲಿ ಕಿವಿಗೊಟ್ಟು ಕೇಳುತ್ತಿದ್ದದ್ದು ಗಾಳಿಯ ಸದ್ದು ಮತ್ತು ಟ್ರಾನ್ಸ್‌ಫಾರ್ಮರ್ ಸದ್ದು. ಅಲ್ಲಿ 60 ಹರ್ಟ್ಸ್ ಕರೆಂಟ್. ಆಮೇಲೆ ಆ ಮನುಷ್ಯ ಶಿಷ್ಯನಾಗಿದ್ದು ಯಾರಿಗೆ? ಪಂಡಿತ್ ಪ್ರಾಣನಾಥರಿಗೆ, ಕಿರಾಣಾ ಘರಾಣೆಯವರು. 1970ರಲ್ಲಿ ಅವರು ನ್ಯೂಯಾರ್ಕಿಗೆ ಹೋದರು. ಅಮೆರಿಕದ ಇನ್ನೊಬ್ಬ ಸಂಯೋಜಕ ಟೆರಿ ರೈಲಿಯೂ ಅವರ ಶಿಷ್ಯ.

ಪ್ರಾಣನಾಥರ ಗುರು ಅಬ್ದುಲ್ ವಹೀದ್ ಖಾನ್. ಅದೇ ಮನೆತನದ ಅಬ್ದುಲ್ ಕರೀಂ ಖಾನ್ ಹತ್ತಿರ ಕಲಿತವರು ನಮ್ಮ ಕುಂದಗೋಳದ ಸವಾಯಿ ಗಂಧರ್ವರು. ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ. ಅಂದರೆ ಕುಂದಗೋಳಕ್ಕೂ ನ್ಯೂಯಾರ್ಕಿನ ಡ್ರೋನ್‌ಗೂ ನಂಟಿದೆ ರೀ. ಒಂದೊಂದೇ ಸ್ವರದ ಮೇಲೆ ಮೈಚೆಲ್ಲಿ ಕೂರುವುದು, ಅವಸರ ಇಲ್ಲದೆ ಆಲಾಪ ಬೆಳೆಸುವುದು, ಕಿರಾಣಾದ ಗುಣ ಅದು. ನಮ್ಮಜ್ಜಿ ರೇಡಿಯೋದಲ್ಲಿ ಗಂಗೂಬಾಯಿ ಬಂದರೆ ರೊಟ್ಟಿ ತಟ್ಟುವುದನ್ನೂ ನಿಲ್ಲಿಸುತ್ತಿದ್ದಳು. ಈಗ ನಾನು ಬೆಳ್ಳಂದೂರಿನಲ್ಲಿ ಕೂತು ಪ್ರಾಣನಾಥರ ರೆಕಾರ್ಡಿಂಗ್ ಕೇಳಿದರೆ ನನಗೆ ಅದು ಅಮೆರಿಕದ ಅಂಡರ್‌ಗ್ರೌಂಡ್ ಅನಿಸುವುದಿಲ್ಲ. ದನಿ ಕೆಳಗೆ ಇಳಿದು ಇಳಿದು ಕೊನೆಗೆ ತಂಬೂರಿಯೊಳಗೇ ಸೇರಿಕೊಳ್ಳುತ್ತದೆ. ಎಲ್ಲಿ ಸೇರಿತು ಅಂತ ಹೇಳಲು ಬರುವುದಿಲ್ಲ.

ಹಳೇಅಂಗಿ

ನನ್ನ ವಯಸ್ಸಿನವರು ಇಲ್ಲಿ ಕಡಿಮೆ ಇರಬಹುದು. 2007ರ ಮಾರ್ಚ್ 17, ಅರಮನೆ ಮೈದಾನ, ಐರನ್ ಮೇಡನ್. ಆವತ್ತು ಹಾಕಿದ್ದ ಕರಿ ಅಂಗಿ ಇನ್ನೂ ಬೀರುವಿನಲ್ಲಿದೆ. ಆದರೆ ನಾನು ಹೇಳಬೇಕು ಅಂದುಕೊಂಡಿದ್ದು ಅದಕ್ಕೂ ಹಿಂದಿನದು, ಕ್ಯಾಸೆಟ್ ಕಾಲದ್ದು.

ನಮಗೆ ಯಾವುದೂ ಮೂಲ ಸಿಗುತ್ತಿರಲಿಲ್ಲ. ಯಾರದೋ ಅಣ್ಣ ಹೊರದೇಶದಿಂದ ತಂದದ್ದನ್ನು ಒಬ್ಬ ಕಾಪಿ ಮಾಡುತ್ತಿದ್ದ, ಅವನಿಂದ ಇನ್ನೊಬ್ಬ, ಅವನಿಂದ ನಾನು. ಒಂದೊಂದು ಕಾಪಿಗೂ ಸ್ ಅನ್ನುವ ಟೇಪಿನ ಸದ್ದು ಜಾಸ್ತಿ, ಸಿಂಬಲ್‌ನ ಹೊಳಪು ಕಡಿಮೆ. ಡಾರ್ಕ್‌ಥ್ರೋನ್‌ನ 1994ರ 'ಟ್ರಾನ್ಸಿಲ್ವೇನಿಯನ್ ಹಂಗರ್' ನನಗೆ ಹಾಗೇ ಬಂತು. ಜೀರುಂಡೆ ಗುಂಪಿನ ಹಾಗೆ ಗಿಟಾರ್, ಒಂದೇ ಸಮನೆ. ಡ್ರಮ್ ಗೋಡೆಯ ಆಚೆ ಯಾರೋ ಹೊಲಿಗೆ ಮಿಶಿನ್ ತುಳಿಯುತ್ತಿರುವ ಹಾಗೆ. ನನ್ನ ಕಾಪಿ ಹಾಳಾಗಿದೆ ಅಂತ ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಸಿಡಿ ಸಿಕ್ಕಿತು. ಹಾಕಿದರೆ ಅದೂ ಹಾಗೇ ಇದೆ! ಅವರು ನಾಲ್ಕು ಟ್ರ್ಯಾಕಿನ ರೆಕಾರ್ಡರ್‌ನಲ್ಲಿ ತಾವೇ ಮಾಡಿಕೊಂಡ ಆಲ್ಬಂ. ಆ ಸದ್ದೇ ಅವರಿಗೆ ಬೇಕಾಗಿತ್ತು. ಚಿಕ್ಕಪೇಟೆಯ ಗಲ್ಲಿಯಲ್ಲಿ ಮೂರನೇ ಕಾಪಿ ಕೇಳಿದವನಿಗೂ ನಾರ್ವೆಯಲ್ಲಿ ಮೊದಲ ಟೇಪ್ ಕೇಳಿದವನಿಗೂ ಒಂದೇ ಚಳಿ ತಲುಪಿತ್ತು. ಇದನ್ನು ನೆನೆಸಿಕೊಂಡರೆ ಈಗಲೂ ಖುಷಿಯಾಗುತ್ತದೆ.

ನಮ್ಮೂರಿನವರನ್ನು ಬಿಡಬೇಡಿ. ಡೈಯಿಂಗ್ ಎಂಬ್ರೇಸ್ 90ರ ದಶಕದಲ್ಲೇ ಇಲ್ಲಿ ಡೆತ್-ಡೂಮ್, ಅಂದರೆ ನಿಧಾನದ, ಭಾರವಾದ ಮೆಟಲ್ ನುಡಿಸಿದವರು. ದನಿಯನ್ನು ಗ್ರೌಲ್ ಅಂತ ಬರೆದರೆ ಅರ್ಧ ಹೇಳಿದ ಹಾಗೆ. ಗೊಗ್ಗರು ದನಿ ಅನ್ನಿ. ಬಾವಿಯ ತಳದಿಂದ ಕೊಡ ಎತ್ತುವಾಗ ಗೋಡೆಗೆ ತಾಗಿ ಗೊರಗೊರ ಅನ್ನುವ ಸದ್ದು ಗೊತ್ತಿರುವವರಿಗೆ ಆ ದನಿ ಗೊತ್ತು. ಜಿನ್ ಅಂಡ್ ಮಿಸ್ಕಟಾನಿಕ್ ಕೂಡ ನಮ್ಮೂರಿನದೇ ಡೂಮ್, 2013ರಲ್ಲಿ ಮೊದಲ ಆಲ್ಬಂ.

ಬೆವರ್ ಸೀ ಬಗ್ಗೆ ಜಾಸ್ತಿ ಹೇಳಬೇಕು. ಬೇವರ್ಸಿ ಅನ್ನುವ ನಮ್ಮ ಬೈಗುಳವನ್ನೇ ಎರಡಾಗಿ ಒಡೆದು ಇಂಗ್ಲಿಷ್ ಮಾಡಿಕೊಂಡ ಹೆಸರು. 2012ರಲ್ಲಿ ಮೊದಲ ಆಲ್ಬಂ ಬಂತು. ಸ್ಟೋನರ್ ಡೂಮ್ ಅನ್ನುತ್ತಾರೆ. ನನಗೆ ಅದು ಮುದ್ದೆ ತೊಳಸುವ ಲಯ. ಮೊದಲು ಕೋಲು ಸಲೀಸಾಗಿ ತಿರುಗುತ್ತದೆ. ಹಿಟ್ಟು ಗಟ್ಟಿಯಾದ ಹಾಗೆಲ್ಲ ಕೋಲು ನಿಧಾನ, ತೋಳಿಗೆ ಭಾರ, ಭುಜ ಇಡೀ ತಿರುಗಬೇಕು. ಗಿಟಾರ್ ರಿಫ್ ಹೀಗೇ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ನನ್ನ ಹೆಂಡತಿ ಮಂಡ್ಯದವಳು, ಮೆಟಲ್ ಕೇಳುವವಳಲ್ಲ. ಅವಳಿಗೆ ಈ ಮಾತು ಹೇಳಿ ಹಾಕಿದೆ. ಮೂರು ನಿಮಿಷ ಕೇಳಿ 'ಹೂಂ, ಗಂಟಿಲ್ಲದ ಹಾಗೆ ಬಂದಿದೆ' ಅಂದಳು.

ತಂಬೂರಿ

ಹಳೇಅಂಗಿ ಸಾರ್, ಒಂದು ಕೇಳಬೇಕಿತ್ತು. ಕಲ್ಟ್ ಆಫ್ ಫೈರ್ ಅಂತ ಜೆಕ್ ದೇಶದ ಬ್ಯಾಂಡ್. 2013ರ ಅವರ ಆಲ್ಬಂ ಹೆಸರು ದೇವನಾಗರಿಯಲ್ಲೇ ಇದೆ, ಹಾಡಿನ ಹೆಸರುಗಳೂ ಹಾಗೇ. ಮೃತ್ಯುವಿನ ತಪಸ್ಸಿನ ಧ್ಯಾನ ಅನ್ನುವಂಥ ಅರ್ಥ. ಕಾಳಿ, ಸ್ಮಶಾನ, ಎಲ್ಲ ಇದೆ. ಸಂಗೀತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಡುವೆ ನಮ್ಮ ವಾದ್ಯಗಳ ಸದ್ದು ಬಂದಾಗ ನನಗೆ ಸ್ವಲ್ಪ ಇರಿಸುಮುರಿಸು ಆಗುತ್ತದೆ. ನಮ್ಮ ದೇವರ ಮನೆಯನ್ನು ಬೇರೆಯವರು ಸೆಟ್ ಹಾಕಿ ತೋರಿಸಿದ ಹಾಗೆ. ನಿಮಗೆ?

ಹಳೇಅಂಗಿ

ಮೊದಲು ನನಗೂ ಹಾಗೇ ಅನಿಸಿತ್ತಮ್ಮ. ಈಗ ಇಲ್ಲ. ಆ ಆಲ್ಬಂನಲ್ಲಿ ಆರ್ಗನ್ ಮತ್ತು ಗಿಟಾರ್ ಒಟ್ಟಿಗೆ ಏರುವ ಕಡೆ ಸುಮ್ನೆ ಕೇಳಿ. ಅಲಂಕಾರಕ್ಕೆ ಮಾಡಿದ್ದಾದರೆ ಅಷ್ಟು ಬಿಸಿ ಬರುವುದಿಲ್ಲ. ಸಿಂಗಪುರದ ರುದ್ರ 90ರ ದಶಕದಿಂದ ವೇದ, ಉಪನಿಷತ್ತು ಇಟ್ಟುಕೊಂಡು ಡೆತ್ ಮೆಟಲ್ ಮಾಡುತ್ತಿದ್ದಾರೆ. ಅವರದು ಒಳಗಿನಿಂದ ಬಂದದ್ದು, ಇವರದು ಹೊರಗಿನಿಂದ ನೋಡಿ ಬೆರಗಾದದ್ದು. ಬೆರಗೂ ನಿಜವೇ ಅಲ್ವಾ? ಆದರೆ ನಿಮಗೆ ಇರಿಸುಮುರಿಸು ಆದರೆ ಅದೂ ನಿಜ. ಅದನ್ನು ಬದಲಾಯಿಸಿಕೊಳ್ಳಿ ಅನ್ನಲಾರೆ.

ಪಟ್ಟಿಗಾರ

ಸರಿ, ನಾನೂ ಪ್ರಯತ್ನ ಮಾಡುತ್ತೇನೆ. ಅಡ್ರೆಸ್ ಮೊದಲು, ಸದ್ದು ಆಮೇಲೆ.

ಚರಣ್‌ಜಿತ್ ಸಿಂಗ್. ಮುಂಬೈ ಸಿನಿಮಾ ಸಂಗೀತದ ವಾದಕ. 1982ರಲ್ಲಿ ಎಚ್‌ಎಂವಿಯಿಂದ 'ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್'. ಬಳಸಿದ್ದು ರೋಲ್ಯಾಂಡ್ ಕಂಪನಿಯ ಜ್ಯೂಪಿಟರ್ 8 ಸಿಂಥಸೈಜರ್, ಟಿಬಿ 303 ಬೇಸ್ ಯಂತ್ರ, ಟಿಆರ್ 808 ಡ್ರಮ್ ಯಂತ್ರ. ಆವಾಗ ಮಾರಾಟವಾಗಲಿಲ್ಲ. 2010ರಲ್ಲಿ ಮತ್ತೆ ಹೊರಬಂತು, ಆಗ ಜಗತ್ತು ಬೆಚ್ಚಿತು. ಯಾಕೆಂದರೆ ಷಿಕಾಗೋದಲ್ಲಿ ಫ್ಯೂಚರ್ ತಂಡ ಅದೇ 303 ಇಟ್ಟುಕೊಂಡು ಆಸಿಡ್ ಹೌಸ್ ಅನ್ನುವ ನೃತ್ಯ ಸಂಗೀತ ಶುರು ಮಾಡಿದ್ದು ಅಂತ ಹೆಸರಾದ 'ಆಸಿಡ್ ಟ್ರ್ಯಾಕ್ಸ್' ಹೊರತಂದದ್ದು 1987ರಲ್ಲಿ, ಐದು ವರ್ಷ ಆಮೇಲೆ.

ಈಗ ಸದ್ದು. 303 ಪುಟ್ಟ ಪೆಟ್ಟಿಗೆ, ಗಿಟಾರ್ ನುಡಿಸುವವರಿಗೆ ಬೇಸ್ ಜೊತೆ ಕೊಡಲಿ ಅಂತ ಮಾಡಿದ್ದು. ಅದರಲ್ಲಿ ಸ್ಲೈಡ್ ಅಂತ ಒಂದು ಸೌಕರ್ಯ. ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವ ಬದಲು ಜಾರುತ್ತದೆ. ಪಿಯಾನೋಗೆ ಬಾರದ ಜಾರು ಅದಕ್ಕೆ ಬರುತ್ತದೆ, ಅದಕ್ಕೇ ರಾಗ ಅದರ ಮೇಲೆ ಕೂತಿತು. ಎಣ್ಣೆ ಹಚ್ಚಿದ ಗಾಲಿಯ ಮೇಲೆ ಹಗ್ಗ ಸರಿದ ಹಾಗೆ ಸರಸರ. ಕೆಳಗೆ 808ರ ಬೀಟ್ ಟಿಕ್ ಟಿಕ್ ಅಂತ ಅಲುಗದೆ ನಿಂತಿದೆ. ಮಾಲ್‌ಕೌಂಸ್ ಬಂದಾಗ ತಂಬೂರಿ ಮೇಡಂ 'ಹಿಂದೋಳ' ಅನ್ನುತ್ತಾರೆ, ಭೂಪಾಲಿ ಬಂದಾಗ 'ಮೋಹನ' ಅನ್ನುತ್ತಾರೆ. ಒಂದೊಂದು ರಾಗಕ್ಕೂ ಹಿಂದೂಸ್ತಾನಿಯಲ್ಲಿ ಒಂದು ಹೆಸರು, ಕರ್ನಾಟಕಿಯಲ್ಲಿ ಇನ್ನೊಂದು, ಕಿವಿಗೆ ಒಂದೇ. ನನ್ನ ವಾದಕ್ಕೆ ಇದು ಉಲ್ಟಾ ಹೊಡೆಯುತ್ತದೆ, ಗೊತ್ತು.

ಇನ್ನೊಂದು, 'ದಿ ಎನ್‌ಐಡಿ ಟೇಪ್ಸ್'. ಅಹಮದಾಬಾದಿನ ಡಿಸೈನ್ ಕಾಲೇಜಿನಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಬಂದು ಮೋಗ್ ಸಿಂಥಸೈಜರ್ ಕೂರಿಸಿಕೊಟ್ಟರು. 1972ರವರೆಗೆ ಗೀತಾ ಸಾರಾಭಾಯ್, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನರಾಜ್ ಜೋಶೀಪುರ ಅದರ ಮೇಲೆ ಕೆಲಸ ಮಾಡಿದರು. ಟೇಪುಗಳು ದಶಕಗಟ್ಟಲೆ ಸುಮ್ಮನೆ ಬಿದ್ದಿದ್ದವು. 2023ರಲ್ಲಿ ಆಲ್ಬಂ ಆಗಿ ಬಂತು. ಶರ್ಮಾ ಅವರ 'ಡಾನ್ಸ್ ಮ್ಯೂಸಿಕ್' ಕೇಳಿ. ಬೀಟ್ ಅಂದರೆ ಡ್ರಮ್ ಅಲ್ಲ, ಕುದಿಯುವ ನೀರಿನ ಗುಳ್ಳೆ. ಗುಳುಗುಳು ಅಂತ ಏಳುತ್ತದೆ, ಒಂದೊಂದು ಗುಳ್ಳೆ ಒಡೆಯುವಾಗ ಒಂದೊಂದು ಎತ್ತರದ ಸ್ವರ. ಯಂತ್ರ ಸಿಕ್ಕ ಸಂತೋಷ ಸದ್ದಿನಲ್ಲೇ ಇದೆ. ಯಾರಿಗೂ ಗೊತ್ತಿಲ್ಲದ ಒಂದು ಬಾಗಿಲನ್ನು ಅವರು ಅಷ್ಟು ಬೇಗ ತೆರೆದಿದ್ದರು. ಅದರ ಮುಂದೆ ಐವತ್ತು ವರ್ಷ ಓಡಾಡಿಯೂ ನಮಗೆ ಕಾಣಲಿಲ್ಲ ಅನ್ನುವುದು ನನಗೆ ನಿಜಕ್ಕೂ ನೋವಿನ ವಿಷಯ.

ಮಳೆ_ಮಲ್ಲೇಶ್ವರ

ಗುಳುಗುಳು! ಇದಕ್ಕೇ ಸಾರ್ ನಿಮ್ಮನ್ನು ಬರೆಯಿರಿ ಅಂದಿದ್ದು.

ಎಸ್‌ಪಿರೋಡ್

ಟೇಪ್ ಮಾತು ಬಂದಿದ್ದರಿಂದ ಹೇಳುತ್ತೇನೆ. ಹೊರದೇಶದ ಒಂದು ಸಣ್ಣ ಲೇಬಲ್‌ನಿಂದ ಆಂಬಿಯೆಂಟ್ ಕ್ಯಾಸೆಟ್ ತರಿಸಿದ್ದೆ, ಒಟ್ಟು 50 ಕಾಪಿ ಮಾಡಿದ್ದರು. ಬಂದ ದಿನ ಹಾಕಿದರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂಕು. ಹಣ ಹೋಯಿತು ಅಂದುಕೊಂಡೆ. ಬಿಚ್ಚಿ ನೋಡಿದರೆ ಒಳಗಿನ ಪುಟ್ಟ ಸ್ಪಂಜಿನ ಪ್ಯಾಡ್ ಅಂಟು ಬಿಟ್ಟು ಬಿದ್ದಿದೆ. ಟೇಪ್ ಓದುವ ಹೆಡ್‌ಗೆ ಟೇಪನ್ನು ಒತ್ತಿ ಹಿಡಿಯುವುದೇ ಅದು. ಹಳೇ ಸಿನಿಮಾ ಹಾಡಿನ ಕ್ಯಾಸೆಟ್ಟಿನ ಪ್ಯಾಡ್ ತೆಗೆದು ಇದಕ್ಕೆ ಅಂಟಿಸಿದೆ. ಆಮೇಲೆ ಹೆಡ್ ಪಕ್ಕದ ಸ್ಕ್ರೂ. ಹಾಡು ಓಡುತ್ತಿರುವಾಗಲೇ ಸಣ್ಣ ಸ್ಕ್ರೂಡ್ರೈವರ್ ಹಾಕಿ ಎಳ್ಳಿನಷ್ಟು ತಿರುಗಿಸುತ್ತಾ ಹೋಗಬೇಕು. ಮಂಕು, ಮಂಕು, ಮಂಕು, ತಟ್ಟನೆ ಪರದೆ ಸರಿದ ಹಾಗೆ ಸ್ ಅನ್ನುವ ಗಾಳಿ ಬಿಚ್ಚಿಕೊಳ್ಳುತ್ತದೆ. ಇನ್ನೂ ಎಳ್ಳಿನಷ್ಟು ತಿರುಗಿಸಿದರೆ ಮತ್ತೆ ಮಂಕು. ಜೀವಾಳಿಯ ಕಥೆ ಓದಿದಾಗ ಮೈ ಜುಮ್ ಅಂದದ್ದು ಅದಕ್ಕೇ ಅಕ್ಕ. ನನ್ನ ಕೈ ಬೆರಳಿಗೂ ಆ ಜಾಗ ಗೊತ್ತು.

ಟೇಪ್ ಸಾಯುವ ಸದ್ದು ಕೇಳಬೇಕಾದರೆ ವಿಲಿಯಂ ಬಸಿನ್ಸ್ಕಿಯವರ 'ಡಿಸಿಂಟಿಗ್ರೇಶನ್ ಲೂಪ್ಸ್' ಇದೆ. 80ರ ದಶಕದ ಶುರುವಲ್ಲಿ ಮಾಡಿಟ್ಟ ಟೇಪ್ ಲೂಪುಗಳನ್ನು 2001ರಲ್ಲಿ ಡಿಜಿಟಲ್‌ಗೆ ಇಳಿಸುತ್ತಿದ್ದರು. ಲೂಪ್ ಸುತ್ತಿದಂತೆಲ್ಲ ಮೇಲಿನ ಕಬ್ಬಿಣದ ಪುಡಿ ಉದುರತೊಡಗಿತು. ನಿಲ್ಲಿಸಲಿಲ್ಲ, ಹಾಗೇ ಓಡಲು ಬಿಟ್ಟರು. ಮೊದಲನೇ ಲೂಪ್ ಒಂದು ಗಂಟೆಗೂ ಜಾಸ್ತಿ ಇದೆ. ಅದೇ ನಾಲ್ಕು ಸ್ವರ ಬರುತ್ತದೆ, ಪ್ರತಿ ಸುತ್ತಿಗೂ ಒಂದು ಚೂರು ಕಮ್ಮಿ. ಗೋಡೆಯ ಸುಣ್ಣ ಉದುರಿದ ಹಾಗೆ ಸಣ್ಣ ಸಣ್ಣ ತೂತು. ರಿಪೇರಿ ಮಾಡುವವನಿಗೆ ಕೈ ಕಟ್ಟಿ ಅದನ್ನು ಕೇಳುವುದು ಬಹಳ ಕಷ್ಟ. ನಾನು ಒಂದೇ ಸಲ ಪೂರ್ತಿ ಕೇಳಿದ್ದೇನೆ.

ಹುಬ್ಬಳ್ಳಿಯಿಂದ

ನಾಯ್ಸ್, ಅಂದರೆ ಬರೀ ಗದ್ದಲದಿಂದಲೇ ಕಟ್ಟುವ ಸಂಗೀತದ ಬಗ್ಗೆ ಯಾರೂ ಬರೆದಿಲ್ಲವಲ್ಲ. ಮೆರ್ಜ್‌ಬೌ ಕೇಳಿ ಹೊರಗೆ ಬಂದವರು ಯಾರಾದರೂ ಇದ್ದೀರಾ?

ಮಳೆ_ಮಲ್ಲೇಶ್ವರ

ಇದ್ದೇನೆ. ಜಪಾನಿನ ಮಸಾಮಿ ಅಕಿತಾ, 1979ರಿಂದ ಮೆರ್ಜ್‌ಬೌ ಹೆಸರಿನಲ್ಲಿ ಮಾಡುತ್ತಿದ್ದಾರೆ. 1996ರ 'ಪಲ್ಸ್ ಡೀಮನ್' ನನ್ನದು. ಮೊದಲ ಸಲ ಎರಡೇ ನಿಮಿಷಕ್ಕೆ ನಿಲ್ಲಿಸಿಬಿಟ್ಟಿದ್ದೆ.

ಅದರೊಳಗೆ ಹೋಗಲು ದಾರಿ ಸಿಕ್ಕಿದ್ದು ಕಡಲೆಕಾಯಿ ಪರಿಷೆಯಲ್ಲಿ. ಕಾರ್ತಿಕದ ಕೊನೇ ಸೋಮವಾರ, ಸಂಜೆ ಏಳರ ಹೊತ್ತು, ಬುಲ್ ಟೆಂಪಲ್ ರೋಡ್. ಹುಡುಗರ ಕೈಯಲ್ಲೆಲ್ಲ ಪ್ಲಾಸ್ಟಿಕ್ ಪೀಪಿ. ಒಂದು ಪೀಪಿ ಕಿವಿ ಪಕ್ಕ ಊದಿದರೆ ಸಿಟ್ಟು ಬರುತ್ತದೆ. ಹತ್ತು ಊದಿದರೆ ತಲೆನೋವು. ನೂರಾರು ಸೇರಿದಾಗ ಬೇರೆಯೇ ಆಗುತ್ತದೆ. ಯಾವುದೂ ಬಿಡಿಯಾಗಿ ಕೇಳಿಸುವುದಿಲ್ಲ. ಸದ್ದು ಎದುರಿಗೆ ಗೋಡೆಯ ಹಾಗೆ ನಿಲ್ಲುತ್ತದೆ, ಆ ಗೋಡೆಯೊಳಗೆ ಅಲೆಗಳು ಓಡಾಡುತ್ತಿರುತ್ತವೆ. ಜನರ ಮಧ್ಯೆ ಸಿಕ್ಕಿಕೊಂಡು ಮುಂದೆ ಹೋಗಲಾರದೆ ಅಲ್ಲೇ ಒಂದಷ್ಟು ಹೊತ್ತು ನಿಂತಿದ್ದೆ. ಗದ್ದಲದ ನಟ್ಟನಡುವೆ ತಲೆಯೊಳಗೆ ಸಂಪೂರ್ಣ ನಿಶ್ಶಬ್ದ. ಮನೆಗೆ ಬಂದು 'ಪಲ್ಸ್ ಡೀಮನ್' ಹಾಕಿದೆ, ವಾಲ್ಯೂಮ್ ಕಮ್ಮಿ ಇಟ್ಟು. ಕಿರ್ರ್, ಬುಸ್ಸ್, ಗಿರಗಿರ. ಈ ಸಲ ನಿಲ್ಲಿಸಬೇಕು ಅನಿಸಲಿಲ್ಲ. ವಾಲ್ಯೂಮ್ ಕಮ್ಮಿ ಇಡಿ ಅನ್ನುವುದನ್ನು ಮಾತ್ರ ದಯವಿಟ್ಟು ಪಾಲಿಸಿ. ಕಿವಿ ಹೋದರೆ ಮತ್ತೆ ಬರುವುದಿಲ್ಲ.

ಹಳೇಅಂಗಿ

ಕಿವಿ ವಿಷಯ ನಾನೂ ಹೇಳುತ್ತೇನೆ. ಬಲಗಿವಿಯಲ್ಲಿ ರಾತ್ರಿ ಹೊತ್ತು ಸಣ್ಣಗೆ ಕೀ ಅನ್ನುತ್ತದೆ ನನಗೆ. ಗಿಗ್‌ಗಳಿಗೆ ಹತ್ತಿಯನ್ನೂ ಇಟ್ಟುಕೊಳ್ಳದೆ ಸ್ಪೀಕರ್ ಮುಂದೆ ನಿಂತದ್ದರ ಫಲ. ಇಯರ್‌ಪ್ಲಗ್ ಹಾಕಿಕೊಳ್ಳಿ ಮಕ್ಕಳೇ.

ರಾತ್ರಿಪಾಳಿ

ಎಲ್ಲರದೂ ಓದಿದೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಿನ್ನೆ ಬೆಳಗಿನ ಜಾವ ನಾಲ್ಕೂವರೆಗೆ ಪಾಳಿ ಮುಗಿಯಿತು. ಕ್ಯಾಬ್ ನಮ್ಮ ಬೀದಿ ತುದಿಗೆ ಬಿಟ್ಟಿತು. ಟ್ರಾನ್ಸ್‌ಫಾರ್ಮರ್ ಅಲ್ಲೇ ಇದೆ. ಎಸ್‌ಪಿರೋಡ್ ಅಣ್ಣ ಹೇಳಿದ ಹಾಗೆ ದೂರದಲ್ಲಿ ನಿಂತೆ. ಒಂದು ನಾಯಿ ಬಂದು ನೋಡಿ ಹೋಯಿತು. ಮೊದಲು ಬರೀ ಗುಂ. ಆಮೇಲೆ ಅದರ ಮೇಲೆ ಸೊಳ್ಳೆಯಂಥದ್ದು ಒಂದು, ಅದಕ್ಕೂ ಮೇಲೆ ತೀರಾ ಸಣ್ಣದು ಇನ್ನೊಂದು. ತಲೆ ಸ್ವಲ್ಪ ಓರೆ ಮಾಡಿದರೆ ಒಂದು ಜಾಸ್ತಿ, ಇನ್ನೊಂದು ಕಮ್ಮಿ. ಮೂರು ವರ್ಷದಿಂದ ದಿನಾ ಅದರ ಕೆಳಗೇ ಓಡಾಡಿದ್ದೇನೆ.

ಮನೆಗೆ ಹೋಗಿ ಆಫೀಸಿನ ದೊಡ್ಡ ಹೆಡ್‌ಫೋನ್ ಹಾಕಿಕೊಂಡು 'ಅರ್ಥ್ 2' ಮತ್ತೆ ಕೇಳಿದೆ. ಫ್ರಿಜ್ ಅಲ್ಲ. ನಮ್ಮೂರಲ್ಲಿ ಲಾರಿ ಎಂಜಿನ್ ಆನ್ ಇಟ್ಟು ನಿಲ್ಲಿಸಿದಾಗ ನಡುಮನೆಯ ಸ್ಟೀಲ್ ಪಾತ್ರೆಗಳು ತಾವಾಗಿ ಗಿಣಗಿಣ ಅನ್ನುತ್ತಿದ್ದವು. ಅದು. ಲಾರಿ ಗಿಟಾರು, ಪಾತ್ರೆ ಒಡಕು. ಮೂರನೇ ಹಾಡು ಅರ್ಧ ಗಂಟೆಯದು. ಅದು ಮುಗಿಯುವ ಹೊತ್ತಿಗೆ ಕಿಟಕಿಯಲ್ಲಿ ಬೆಳಕಾಗಿತ್ತು. ನಿದ್ದೆ ಮಾಡಿಲ್ಲ, ಎದ್ದೇ ಕೇಳಿದೆ.

ಶನಿವಾರ, ಭಾನುವಾರ ರಜೆ ಇದೆ. ತಂಬೂರಿ ಅಕ್ಕ, ರಾದೀಗ್ ಅವರದ್ದು ಮೊದಲ ಭಾಗದಿಂದ ಶುರು ಮಾಡಲಾ, ನೇರ 'ಕೈಲಾಶ'ಕ್ಕೆ ಹೋಗಲಾ?

ತಂಬೂರಿ

ಮೊದಲ ಭಾಗದಿಂದ. ಮೂರನ್ನೂ ಒಂದೇ ದಿನ ಬೇಡ, ದಿನಕ್ಕೊಂದು ಸಾಕು. ಬೆಳಗಿನ ಜಾವ ಕೂತುಕೊಳ್ಳಿ, ಹಾಲಿನವರು ಬರುವುದಕ್ಕೆ ಮುಂಚೆ. ಫ್ಯಾನ್ ಆಫ್ ಮಾಡಿ. ಫ್ರಿಜ್‌ನದೂ ಪ್ಲಗ್ ತೆಗೆಯಿರಿ, ಒಂದು ಗಂಟೆಗೆ ಏನೂ ಆಗುವುದಿಲ್ಲ.